ಅಂಕಪಟ್ಟಿ ಇದೆ, ಒಲಿಂಪಿಕ್ಸ್ ಇಲ್ಲ

2026ರ ಮಿಲಾನ್-ಕೊರ್ಟಿನಾ ಚಳಿಗಾಲದ ಒಲಿಂಪಿಕ್ಸ್ ಹತ್ತಿರ ಬಂದಿತ್ತು. ರಾತ್ರಿ ನಾರ್ಡಿಕ್ ಕಂಬೈನ್ಡ್ ವಿಶ್ವಕಪ್‌ನ ಅಂಕಪಟ್ಟಿ ನೋಡ್ತಾ ಕೂತಿದ್ದೆ. ಮೊದಲು ಸ್ಕೀ ಜಂಪ್, ಆಮೇಲೆ ಹಿಮದ ಮೇಲೆ ಸ್ಕೀ ಓಟ. ಜಂಪ್‌ನಲ್ಲಿ ಮುಂದಿದ್ದವರು ಓಟದಲ್ಲಿ ಉಳಿದವರಿಗಿಂತ ಮೊದಲು ಹೊರಡ್ತಾರೆ, ಗೆರೆ ಮೊದಲು ದಾಟಿದವರೇ ಗೆದ್ದ ಹಾಗೆ. ಎಷ್ಟು ಚೆಂದದ ಆಟ!

ಗಂಡಸರಿಗೆ ಇದು 1924ರ ಫ್ರಾನ್ಸಿನ ಶಾಮೊನಿ ಕೂಟದಿಂದಲೂ ಒಲಿಂಪಿಕ್ಸ್‌ನಲ್ಲಿದೆ. ಹೆಂಗಸರಿಗೆ 2020ರ ಡಿಸೆಂಬರ್‌ನಿಂದ ವಿಶ್ವಕಪ್ ಇದೆ, ಅಂಕಪಟ್ಟಿ ಇದೆ, ಒಲಿಂಪಿಕ್ಸ್ ಮಾತ್ರ 2026ರಲ್ಲೂ ಇಲ್ಲ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಜಾಗವಿಲ್ಲದ ಆಟ ಇದೊಂದೇ. 2024-25ರ ಸೀಸನ್ನಿನ ವಿಶ್ವಕಪ್ ಒಟ್ಟಾರೆ ಪ್ರಶಸ್ತಿ ಗೆದ್ದಾಗ ಜರ್ಮನಿಯ ನಥಾಲಿ ಆರ್ಮ್‌ಬ್ರುಸ್ಟರ್‌ಗೆ ಬರೀ 19 ವರ್ಷ. ಒಲಿಂಪಿಕ್ಸ್‌ನಲ್ಲಿ ಈ ಆಟ ನಡೆಯುವ ಇಟಲಿಯ ವಾಲ್ ದಿ ಫಿಯೆಮ್ಮೆಯಲ್ಲಿ ಗಂಡಸರು ಜಿಗಿಯುವಾಗ ಆ ಹುಡುಗಿ ಸುಮ್ಮನೆ ನೋಡ್ತಾ ಕೂರಬೇಕಾ? ಹೊಟ್ಟೆಯಲ್ಲಿ ಸಂಕಟವಾಯ್ತು.

ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿದೆ, ಒಂದೊಂದು ಹೆಸರನ್ನೂ.