ಬಲೆಯ ಗುರುತು

ಚಿಕಿತ್ಸೆಯ ಕೋಣೆಯಿಂದ ಹೊರಬಂದಾಗ ಅಕ್ಕನ ಹಣೆ, ಕೆನ್ನೆ, ಗಲ್ಲದ ಮೇಲೆಲ್ಲ ಬಲೆಯ ಗುರುತು ಮೂಡಿತ್ತು. ತಲೆ ಒಂದಿಷ್ಟೂ ಅಲುಗಬಾರದೆಂದು, ಬಿಸಿನೀರಿನಲ್ಲಿ ಮೆತ್ತಗಾಗಿಸಿ ಮುಖದ ಮೇಲೆ ಎಳೆದು ಕೂರಿಸುವ, ಆರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ಮುಖವಾಡದ ಅಚ್ಚು ಅದು. ಒಳಗಿದ್ದದ್ದು ಮುಕ್ಕಾಲು ಗಂಟೆ. ನೋವಾಗಲಿಲ್ಲವಂತೆ, ಶಾಖವೂ ತಟ್ಟಲಿಲ್ಲವಂತೆ. "ಇಷ್ಟೇನಾ?" ಎಂದು ಅವಳು ಕೇಳಿದಾಗ ನನ್ನ ಬಳಿಯೂ ಉತ್ತರವಿರಲಿಲ್ಲ.

ಸ್ತನ ಕ್ಯಾನ್ಸರ್ ಮಿದುಳಿಗೆ ಹಬ್ಬಿದೆ, ಮೂರು ಗಡ್ಡೆಗಳಿವೆ, ದೊಡ್ಡದು 18 ಮಿಲಿಮೀಟರ್ ಇದೆ ಎಂದು ವೈದ್ಯರು ಹೇಳಿದ ದಿನ ನಮ್ಮ ಕಿವಿಗೆ ಬಿದ್ದದ್ದು 'ಮಿದುಳಿಗೆ ರೇಡಿಯೇಷನ್' ಎಂಬ ಮಾತೊಂದೇ. ಆ ಒಂದೇ ಮಾತಿನಲ್ಲಿ ಎರಡು ತೀರ ಬೇರೆಯಾದ ಚಿಕಿತ್ಸೆಗಳು ಅಡಗಿವೆ ಎಂಬುದು ತಿಳಿಯಲು ನಮಗೆ ಒಂದು ವಾರವೇ ಹಿಡಿಯಿತು. ಮೊದಲನೆಯದರಲ್ಲಿ ಇಡೀ ಮಿದುಳಿಗೆ ವಿಕಿರಣ ಕೊಡುತ್ತಾರೆ. ಸಾಮಾನ್ಯವಾಗಿ 10 ಸರದಿಗಳಲ್ಲಿ ಒಟ್ಟು 30 ಗ್ರೇ (ದೇಹ ಹೀರಿಕೊಳ್ಳುವ ವಿಕಿರಣವನ್ನು ಅಳೆಯುವ ಮಾನ). ಸ್ಕ್ಯಾನ್‌ನಲ್ಲಿ ಇನ್ನೂ ಕಾಣಿಸದ ಕ್ಯಾನ್ಸರ್ ಕಣಗಳಿಗೂ ಅದು ತಾಗುತ್ತದೆಯಾದರೂ, ಆರೋಗ್ಯವಾಗಿರುವ ಭಾಗವೂ ಅಷ್ಟೇ ಪೆಟ್ಟು ತಿನ್ನುವುದರಿಂದ ನೆನಪಿನ ಶಕ್ತಿ ಕುಂದುವ ಸಂಭವ ಹೆಚ್ಚು. ಎರಡನೆಯದು ಸ್ಟೀರಿಯೋಟ್ಯಾಕ್ಟಿಕ್ ರೇಡಿಯೋಸರ್ಜರಿ. ಹೆಸರಿನಲ್ಲಿ ಸರ್ಜರಿ ಇದ್ದರೂ ತಲೆಬುರುಡೆಯನ್ನು ತೆರೆಯುವುದಿಲ್ಲ. ಒಂದೊಂದಾಗಿ ನೋಡಿದರೆ ದುರ್ಬಲವಾದ ಅನೇಕ ಕಿರಣಗಳನ್ನು ಬೇರೆ ಬೇರೆ ದಿಕ್ಕಿನಿಂದ ಬಿಟ್ಟು, ಅವೆಲ್ಲವೂ ಗಡ್ಡೆಯ ಜಾಗದಲ್ಲಿ ಮಾತ್ರ ಸಂಧಿಸುವಂತೆ ಮಾಡುತ್ತಾರೆ. ಅಲ್ಲಿಂದ ಕೆಲವೇ ಮಿಲಿಮೀಟರ್ ಆಚೆಗೆ ವಿಕಿರಣದ ಪ್ರಮಾಣ ಥಟ್ಟನೆ ಇಳಿದುಬಿಡುತ್ತದೆ.

ಈ ಪದ್ಧತಿಗೆ 1951ರಲ್ಲಿ ಹೆಸರಿಟ್ಟವರು ಸ್ವೀಡನ್ನಿನ ನರಶಸ್ತ್ರಚಿಕಿತ್ಸಕ ಲಾರ್ಸ್ ಲೆಕ್ಸೆಲ್. ಅವರು ರೂಪಿಸಿದ ಗಾಮಾ ನೈಫ್ ಯಂತ್ರದ ಈಚಿನ ಮಾದರಿಗಳಲ್ಲಿ ವಿಕಿರಣ ಸೂಸುವ ಕೋಬಾಲ್ಟ್-60ರ 192 ಆಕರಗಳಿರುತ್ತವೆ. ಅಕ್ಕನಿಗೆ ಕೊಟ್ಟದ್ದೂ ರೇಡಿಯೋಸರ್ಜರಿಯೇ, ಆದರೆ ಬಳಸಿದ್ದು ಲಿನ್ಯಾಕ್ ಎಂಬ, ವಿದ್ಯುತ್ತಿನಿಂದ ಎಕ್ಸ್-ಕಿರಣ ಹೊಮ್ಮಿಸುವ ಬೇರೆ ಯಂತ್ರ. ಯಾವ ಯಂತ್ರ ಎನ್ನುವುದಕ್ಕಿಂತ, ಗಡ್ಡೆಯ ಗಾತ್ರ ಎಷ್ಟು, ಅದು ಎಲ್ಲಿದೆ ಎನ್ನುವುದೇ ಮುಖ್ಯವೆಂದು ನನಗೆ ಆಮೇಲೆ ಅರ್ಥವಾಯಿತು. 20 ಮಿಲಿಮೀಟರ್‌ವರೆಗಿನ ಗಡ್ಡೆಗೆ ಒಂದೇ ಸಲಕ್ಕೆ 20ರಿಂದ 24 ಗ್ರೇ ಕೊಡುವುದುಂಟು. ಗಡ್ಡೆ ದೊಡ್ಡದಾದಷ್ಟೂ ಸುತ್ತಲಿನ ಭಾಗ ತಾಳಿಕೊಳ್ಳುವುದು ಕಷ್ಟವಾದ್ದರಿಂದ ಪ್ರಮಾಣ ತಗ್ಗಿಸುತ್ತಾರೆ, ಇಲ್ಲವೇ ಮೂರು ಅಥವಾ ಐದು ಸರದಿಗಳಾಗಿ ಹಂಚುತ್ತಾರೆ.

ಗಡ್ಡೆಗಳು ನಾಲ್ಕನ್ನು ದಾಟಿದರೆ ರೇಡಿಯೋಸರ್ಜರಿಯ ದಾರಿ ಮುಚ್ಚಿತು ಎಂದೇ ಹಿಂದೆ ಎಣಿಸುತ್ತಿದ್ದರು. ಆದರೆ ಜಪಾನಿನಲ್ಲಿ ರೇಡಿಯೋಸರ್ಜರಿ ಪಡೆದ 1194 ಮಂದಿಯನ್ನು ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದರಿಂದ ಹತ್ತು ಗಡ್ಡೆಗಳಿದ್ದವರು ಎರಡರಿಂದ ನಾಲ್ಕು ಗಡ್ಡೆಗಳಿದ್ದವರಷ್ಟೇ ಕಾಲ ಬದುಕಿದ್ದು ಕಂಡುಬಂದಿತು. ಆದ್ದರಿಂದ ಗಡ್ಡೆಗಳ ಸಂಖ್ಯೆ ಕೇಳಿದೊಡನೆ ಕೈಚೆಲ್ಲದೆ, 'ಇಡೀ ಮಿದುಳಿಗೋ, ಗಡ್ಡೆಗಳಿಗೆ ಮಾತ್ರವೋ? ಏಕೆ?' ಎಂದು ಕೇಳಬೇಕೆಂದು ಈ ಸ್ಥಿತಿಯಲ್ಲಿರುವ ಪ್ರತಿ ಮನೆಯವರಿಗೂ ಹೇಳುತ್ತೇನೆ. ಇಡೀ ಮಿದುಳಿಗೆ ಕೊಡುವುದೇ ಸರಿ ಎನ್ನುವ ಸಂದರ್ಭಗಳೂ ಇವೆ. ಹಾಗಿದ್ದರೆ ಅದರ ಕಾರಣವಾದರೂ ನಮಗೆ ತಿಳಿದಿರಬೇಕು.

ಅಕ್ಕನ "ಇಷ್ಟೇನಾ?" ಎಂಬ ಪ್ರಶ್ನೆಗೆ ಉತ್ತರ ಸಿಗತೊಡಗಿದ್ದು ಮುಂದಿನ ತಿಂಗಳುಗಳಲ್ಲಿ. ವಿಕಿರಣವು ಗಡ್ಡೆಯನ್ನು ಕತ್ತರಿಸಿ ತೆಗೆಯುವುದಿಲ್ಲ. ಜೀವಕೋಶಗಳ ಡಿಎನ್‌ಎಯನ್ನು ಕೆಡಿಸುತ್ತದೆ, ಅವು ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಸಾಯುತ್ತವೆ. ಮಿದುಳಿನ ಊತಕ್ಕೆಂದು ಕೊಟ್ಟ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಅವಳ ತಲೆನೋವನ್ನು ಇಳಿಸಿತಾದರೂ ನಿದ್ದೆಯನ್ನು ಕಿತ್ತುಕೊಂಡಿತು. ನಡುರಾತ್ರಿ ಎದ್ದು ಕಪಾಟು ಜೋಡಿಸುತ್ತಿದ್ದಳು. ಆ ಮಾತ್ರೆಯನ್ನು ನಾವಾಗಿಯೇ ಒಮ್ಮೆಗೇ ನಿಲ್ಲಿಸುವಂತಿಲ್ಲ, ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು.

ಎರಡನೆಯ ಎಂಆರ್‌ಐನಲ್ಲಿ ಎರಡು ಗಡ್ಡೆಗಳು ಕುಗ್ಗಿದ್ದವು, ದೊಡ್ಡದು ಇನ್ನೂ ಹಿಗ್ಗಿದಂತೆ ಕಂಡಿತು. ವರದಿಯ ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ವಿಕಿರಣದಿಂದ ಸತ್ತ ಅಂಗಾಂಶವೂ, ಮತ್ತೆ ಬೆಳೆಯುತ್ತಿರುವ ಗಡ್ಡೆಯೂ ಸಾಧಾರಣ ಎಂಆರ್‌ಐನಲ್ಲಿ ಒಂದೇ ರೀತಿ ಕಾಣಬಹುದೆಂದು ವೈದ್ಯರು ತಾಳ್ಮೆಯಿಂದ ವಿವರಿಸಿದರು. ರಕ್ತದ ಹರಿವನ್ನು ತೋರಿಸುವ ಬೇರೊಂದು ಬಗೆಯ ಎಂಆರ್‌ಐ ಮಾಡಿಸಿ, ಸ್ಟೀರಾಯ್ಡ್ ಮುಂದುವರಿಸಿ, ಎಂಟು ವಾರ ಕಾದೆವು. ಮುಂದಿನ ಸ್ಕ್ಯಾನ್‌ನಲ್ಲಿ ಆ ಹಿಗ್ಗು ಇಳಿದಿತ್ತು. ಅದೇ ಸ್ಕ್ಯಾನ್‌ನಲ್ಲಿ ಮಿದುಳಿನ ಇನ್ನೊಂದು ಕಡೆ 5 ಮಿಲಿಮೀಟರಿನ ಹೊಸ ಚುಕ್ಕೆಯೊಂದು ಕಾಣಿಸಿತು. ಗುರಿಯಿಟ್ಟ ಜಾಗಕ್ಕಷ್ಟೇ ಚಿಕಿತ್ಸೆ ಕೊಟ್ಟದ್ದರಿಂದ ಉಳಿದ ಕಡೆ ಹೊಸದು ಹುಟ್ಟುವ ಸಾಧ್ಯತೆ ಇದ್ದೇ ಇರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಿಸಬಾರದು ಎನ್ನುವುದು ಅದಕ್ಕಾಗಿಯೇ. ಆ ಚುಕ್ಕೆಗೂ ಹೀಗೆಯೇ ಚಿಕಿತ್ಸೆಯಾಯಿತು, ಮುಖದ ಮೇಲೆ ಮತ್ತೆ ಬಲೆ ಮೂಡಿತು.

ಮುಂದಿನ ಎಂಆರ್‌ಐ ಬರುವ ತಿಂಗಳು. ತಾರೀಖು ನನಗೆ ಮರೆತಿತ್ತು. ನಿನ್ನೆ ಅಕ್ಕನೇ ಫೋನ್ ಮಾಡಿ, "ಹದಿನಾಲ್ಕಕ್ಕೆ, ಗುರುವಾರ. ಹಳೆಯ ಸಿ.ಡಿ.ಗಳು ನಿನ್ನ ಹತ್ತಿರವೇ ಇವೆ, ಮರೆಯದೆ ತಗೊಂಡು ಬಾ" ಎಂದಳು.