ಹಣ ಬಂದ ದಾರಿಯಲ್ಲೇ ವಾಪಸ್ ಹೋಗಲಿ: ಇಮೇಲ್ ಬುಕಿಂಗ್ ಮೋಸದ ಒಳಗುಟ್ಟು

ಕೋರಮಂಗಲದ ಸರ್ವಿಸ್ ಅಪಾರ್ಟ್‌ಮೆಂಟ್ ಇರಲಿ, ಮೆಜೆಸ್ಟಿಕ್ ಪಕ್ಕದ ಲಾಡ್ಜ್ ಇರಲಿ, ರೂಮ್ ಕೇಳಿ ಬರುವ ಮೋಸದ ಮೇಲ್‌ನ ಧಾಟಿ ಬಹುತೇಕ ಒಂದೇ. ‘ಡಿಯರ್ ಮ್ಯಾನೇಜರ್, ನಾವು ಆರು ಜನ. ಹನ್ನೆರಡು ರಾತ್ರಿಗೆ ಮೂರು ರೂಮ್ ಬೇಕು. ಒಟ್ಟು ಎಷ್ಟಾಗುತ್ತದೆ? ಕಾರ್ಡ್ ತಗೊಳ್ತೀರಾ?’ ಹೋಟೆಲಿನ ಹೆಸರಿಲ್ಲ, ಏರಿಯಾದ ಹೆಸರಿಲ್ಲ. ನಿಜವಾಗಿ ಬರುವವರು ಏರ್‌ಪೋರ್ಟಿನಿಂದ ಎಷ್ಟು ಹೊತ್ತು, ವಾಯುವಜ್ರ ಬಸ್ ಹತ್ತಿರದಲ್ಲಿ ನಿಲ್ಲುತ್ತದಾ, ಬೆಳಿಗ್ಗೆ ಬೇಗ ಚೆಕ್ ಇನ್ ಮಾಡಬಹುದಾ ಎಂದು ಕೇಳುತ್ತಾರೆ. ಮೋಸಗಾರನಿಗೆ ಬೇಕಿರುವುದು ಒಟ್ಟು ಮೊತ್ತ ಮಾತ್ರ.

ರೂಮಿಗೆ ದಿನಕ್ಕೆ 3,500 ರೂಪಾಯಿ ಎಂದಿಟ್ಟುಕೊಳ್ಳಿ. 3 ರೂಮ್, 12 ರಾತ್ರಿ: 1,26,000. ನೀವು ಒಪ್ಪಿದ ಮೇಲೆ ಎರಡನೇ ಮೇಲ್ ಬರುತ್ತದೆ. ‘ನಮ್ಮ ಟೂರ್ ಏಜೆಂಟ್ ಹತ್ತಿರ ಕಾರ್ಡ್ ಯಂತ್ರ ಇಲ್ಲ. ನನ್ನ ಕಾರ್ಡಿನಿಂದ 2,16,000 ತೆಗೆದುಕೊಂಡು ಅವರ ಖಾತೆಗೆ 90,000 ಹಾಕಿಬಿಡಿ.’ ಇಡೀ ಮೋಸ ಇರುವುದು ಈ ಎರಡನೇ ಮೇಲ್‌ನಲ್ಲಿ. ಕಾರ್ಡ್ ಯಾರದೋ ಕದ್ದದ್ದು. ಅದರ ನಿಜವಾದ ಒಡೆಯ ಸ್ಟೇಟ್‌ಮೆಂಟ್ ನೋಡಿ ತಕರಾರು ಹಾಕಿದಾಗ ಬ್ಯಾಂಕು ನಿಮ್ಮಿಂದ ಪೂರ್ತಿ 2,16,000 ವಾಪಸ್ ಎಳೆದುಕೊಳ್ಳುತ್ತದೆ. ಏಜೆಂಟಿಗೆ ಹಾಕಿದ 90,000 ಮಾತ್ರ ಹೋಗಿಯೇ ಹೋಯಿತು. ಏರೋ ಇಂಡಿಯಾ ವಾರದಲ್ಲಿ ಹೀಗಾದರೆ, ರೂಮಿಲ್ಲ ಎಂದು ಹೇಳಿ ಕಳಿಸಿದ ಗಿರಾಕಿಗಳ ನಷ್ಟ ಬೇರೆ.

ಜನ ಎಡವುವುದು ಎಲ್ಲಿ? ‘ಹಣ ಜಮಾ ಆಗಿದೆ’ ಎಂಬ ಮೆಸೇಜ್ ನೋಡಿದ ತಕ್ಷಣ ಅದು ನಮ್ಮದಾಯಿತು ಎಂದುಕೊಳ್ಳುವಲ್ಲಿ. ಕಾರ್ಡಿನ ಹಣ ಹಾಗಲ್ಲ. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ವಂಚನೆಯ ತಕರಾರಿಗೆ ಸಾಮಾನ್ಯವಾಗಿ 120 ದಿನ ಅವಕಾಶ ಇದೆ. ಹಾಗಾಗಿ ಒಂದು ನಿಯಮವನ್ನು ರಿಸೆಪ್ಶನ್ ಮೇಜಿನ ಮೇಲೇ ಅಂಟಿಸಿ: ರೀಫಂಡ್ ಹೋಗುವುದು ಹಣ ಬಂದ ಕಾರ್ಡಿಗೆ ಅಥವಾ ಬಂದ ಖಾತೆಗೆ ಮಾತ್ರ. ಮೂರನೆಯವರಿಗೆ ಒಂದು ರೂಪಾಯಿಯೂ ಇಲ್ಲ. ಯಾರು ಕೇಳಲಿ, ಎಷ್ಟೇ ಅರ್ಜೆಂಟ್ ಇರಲಿ, ತಾಯಿಗೆ ಆಪರೇಷನ್ ಎಂದೇ ಹೇಳಲಿ.

ಮೇಲ್‌ನಲ್ಲಿ ಬಂದ ಕಾರ್ಡ್ ನಂಬರನ್ನು ಕೈಯಾರೆ ಟೈಪ್ ಮಾಡಬೇಡಿ. ಪೇಮೆಂಟ್ ಲಿಂಕ್ ಕಳಿಸಿ. ವಿದೇಶಿ ಕಾರ್ಡಿಗೂ 3ಡಿ ಸೆಕ್ಯೂರ್ (ಕಾರ್ಡಿನವರು ತಮ್ಮ ಬ್ಯಾಂಕಿನಲ್ಲಿ ಒಪ್ಪಿಗೆ ಕೊಡುವ ಹಂತ) ಕಡ್ಡಾಯ ಮಾಡಿಕೊಡಿ ಎಂದು ನಿಮ್ಮ ಕಾರ್ಡ್ ಪಾವತಿ ನಡೆಸಿಕೊಡುವ ಗೇಟ್‌ವೇ ಕಂಪನಿಯವರನ್ನು ಕೇಳಿ. ಭಾರತದ ಕಾರ್ಡಿಗೆ ಸಾಮಾನ್ಯವಾಗಿ ಓಟಿಪಿಯಂಥ ದೃಢೀಕರಣ ಇರುತ್ತದೆ, ಹೊರಗಿನ ಎಷ್ಟೋ ಕಾರ್ಡು ಅದಿಲ್ಲದೆಯೇ ಪಾಸಾಗುತ್ತವೆ. ಕಾರ್ಡಿನವರೇ ತಮ್ಮ ಬ್ಯಾಂಕಿನಲ್ಲಿ ಒಪ್ಪಿಗೆ ಕೊಟ್ಟು ಪಾವತಿಸಿದ್ದರೆ ವಂಚನೆಯ ಹೊಣೆ ಸಾಮಾನ್ಯವಾಗಿ ಆ ಬ್ಯಾಂಕಿನ ಮೇಲೆ ಹೋಗುತ್ತದೆ. ಕೈಯಾರೆ ಟೈಪ್ ಮಾಡಿದ್ದರೆ ನಿಮ್ಮ ಮೇಲೆ.

ಪಾಸ್‌ಪೋರ್ಟ್ ಫೋಟೋ ಕಳಿಸಿದ್ದಾರೆ ಎಂದು ನಂಬುವುದೂ ತಪ್ಪು, ಅದೂ ಕದ್ದದ್ದಿರಬಹುದು. ಮೇಲ್ ಪರೀಕ್ಷೆಗೆ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆರಿಸಿ. ಕಂಪನಿಯ ಹೆಸರಿನಲ್ಲಿ ಬಂದ ಮೇಲ್‌ಗೆ ಎಸ್‌ಪಿಎಫ್, ಡಿಮಾರ್ಕ್ (ಮೇಲ್ ನಿಜಕ್ಕೂ ಆ ವಿಳಾಸದಿಂದಲೇ ಬಂತೇ ಎಂದು ನೋಡುವ ತಪಾಸಣೆಗಳು) ‘ಫೇಲ್’ ಎಂದಿದ್ದರೆ, ಅಥವಾ ಉತ್ತರ ಹೋಗುವ ವಿಳಾಸವೇ ಬೇರೆ ಇದ್ದರೆ ಅಲ್ಲಿಗೇ ನಿಲ್ಲಿಸಿ. ಆದರೆ ಉಚಿತ ಜಿಮೇಲ್ ಖಾತೆಯಿಂದ ಬಂದದ್ದಕ್ಕೆ ಎಲ್ಲವೂ ‘ಪಾಸ್’ ಬರುತ್ತದೆ. ಅದು ಹೇಳುವುದು ಮೇಲ್ ಜಿಮೇಲ್‌ನಿಂದ ಬಂತು ಎಂದಷ್ಟೇ, ಕಳಿಸಿದವನು ಸಾಚಾ ಎಂದಲ್ಲ.

ಇನ್ನೊಂದು ಬಗೆ ಹಣ ಕೇಳುವುದೇ ಇಲ್ಲ, ಹಾಗಾಗಿ ಹೆಚ್ಚು ಅಪಾಯಕಾರಿ. ಬುಕಿಂಗ್ ಸೈಟಿನಿಂದ ಬಂದಂತೆ ಕಾಣುವ ಮೇಲ್: ‘ಅತಿಥಿ ನಿಮ್ಮ ಬಗ್ಗೆ ದೂರು ಕೊಟ್ಟಿದ್ದಾರೆ, ನೋಡಿ.’ ಲಿಂಕ್ ಒತ್ತಿದರೆ ‘ನಾನು ರೋಬೋಟ್ ಅಲ್ಲ’ ಎಂಬ ಪುಟ. ಅದರಲ್ಲಿ ವಿಂಡೋಸ್ ಕೀ ಮತ್ತು ಆರ್, ಆಮೇಲೆ ಕಂಟ್ರೋಲ್ ಮತ್ತು ವಿ, ಆಮೇಲೆ ಎಂಟರ್ ಒತ್ತಿ ಎಂದಿರುತ್ತದೆ. ಆ ಪುಟ ಒಂದು ಕಮಾಂಡನ್ನು ಗೊತ್ತಾಗದಂತೆ ಮೊದಲೇ ಕಾಪಿ ಮಾಡಿಟ್ಟಿರುತ್ತದೆ. ರಿಸೆಪ್ಶನ್‌ನಲ್ಲಿರುವ ಹುಡುಗ ಅದನ್ನು ತನ್ನ ಕೈಯಿಂದಲೇ ಓಡಿಸುತ್ತಾನೆ, ಪಾಸ್‌ವರ್ಡ್‌ಗಳೆಲ್ಲ ಕಳ್ಳರ ಕೈಸೇರುತ್ತವೆ. ನಂತರ ನಿಮ್ಮದೇ ಲಾಗಿನ್‌ನಿಂದ ನಿಮ್ಮ ನಿಜವಾದ ಅತಿಥಿಗಳಿಗೆ ‘ಕಾರ್ಡ್ ಮತ್ತೆ ದೃಢಪಡಿಸಿ’ ಎಂಬ ಮೆಸೇಜ್ ಹೋಗಬಹುದು. ಬುಕಿಂಗ್ ಡಾಟ್ ಕಾಮ್ ಹೆಸರಿನಲ್ಲಿ ಹೀಗೆ ನಡೆಯುತ್ತಿದ್ದ ದಾಳಿಯ ಬಗ್ಗೆ ಮೈಕ್ರೋಸಾಫ್ಟ್ 2025ರ ಮಾರ್ಚ್‌ನಲ್ಲಿ ಎಚ್ಚರಿಸಿತ್ತು. ದಕ್ಷಿಣ ಏಷ್ಯಾದ ಹೋಟೆಲುಗಳೂ ಅದರ ಗುರಿಯಾಗಿದ್ದವು.

ಇಂಥ ಮೇಲ್ ಬಂದರೆ ಲಿಂಕ್ ಬಿಟ್ಟು, ಸೈಟನ್ನು ನೀವೇ ತೆರೆದು ಲಾಗಿನ್ ಆಗಿ ನೋಡಿ. ದೂರು ನಿಜವಾಗಿದ್ದರೆ ಅಲ್ಲೇ ಕಾಣುತ್ತದೆ. ವಿಂಡೋಸ್ ಪ್ರೊ ಇದ್ದರೆ ಗ್ರೂಪ್ ಪಾಲಿಸಿ ಎಂಬ ಸೆಟ್ಟಿಂಗ್‌ನಲ್ಲಿ, ವಿಂಡೋಸ್ ಕೀ ಮತ್ತು ಆರ್ ಒತ್ತಿದರೆ ತೆರೆಯುವ ‘ರನ್’ ಪೆಟ್ಟಿಗೆಯನ್ನೇ ಮುಚ್ಚಿಸಿ, ರಿಸೆಪ್ಶನ್ ಕೆಲಸಕ್ಕೆ ಅದು ಬೇಕಾಗುವುದಿಲ್ಲ. ಒತ್ತಿಬಿಟ್ಟಿದ್ದರೆ ಮೊದಲು ನೆಟ್ ಕಿತ್ತುಹಾಕಿ. ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಸೈನ್ ಔಟ್ ಮಾಡಿ. ಪಾಸ್‌ವರ್ಡ್ ಮಾತ್ರ ಬದಲಿಸಿದರೆ, ಕದ್ದ ಸೆಷನ್ (ಆಗಲೇ ತೆರೆದಿರುವ ಲಾಗಿನ್) ಹಾಗೇ ಜೀವಂತ ಉಳಿಯಬಹುದು.

ಸೈನ್ಯದ ಅಧಿಕಾರಿ ಎಂದು ಹೇಳಿಕೊಂಡು, ಅಡ್ವಾನ್ಸ್ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವವರ ಬಗ್ಗೆ ಒಂದೇ ಮಾತು: ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಿಲ್ಲ.

ಹಣ ಹೋದದ್ದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗೆ ಹಾರುವ ಮುನ್ನ ತಡೆಯುವುದಕ್ಕೆ ಒಂದೊಂದು ನಿಮಿಷವೂ ಮುಖ್ಯ. ಯುಟಿಆರ್ ನಂಬರ್ (ಬ್ಯಾಂಕು ಪ್ರತಿ ವರ್ಗಾವಣೆಗೆ ಕೊಡುವ ಗುರುತಿನ ಸಂಖ್ಯೆ), ಮೊತ್ತ, ಸಮಯ, ಹೋದ ಖಾತೆಯ ವಿವರ ಕೈಯಲ್ಲಿರಲಿ. ಮೇಲ್ ಅಳಿಸಬೇಡಿ, ಫಾರ್ವರ್ಡ್ ಮಾಡಿದ ಪ್ರತಿ ಸಾಲದು, ಅದರಲ್ಲಿ ಮೂಲ ಹೆಡರ್ (ಮೇಲ್ ಎಲ್ಲಿಂದ, ಹೇಗೆ ಬಂತು ಎಂಬ ದಾಖಲೆ) ಉಳಿಯುವುದಿಲ್ಲ. ಅದೇ ಮೂರು ಚುಕ್ಕಿಯಲ್ಲಿ ‘ಡೌನ್‌ಲೋಡ್ ಮೆಸೇಜ್’ ಒತ್ತಿ, ಆ ಫೈಲನ್ನೇ ನಿಮ್ಮ ವಿಭಾಗದ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ಕೊಡಿ.