ಕೆರೆ ಹೂಳಿನ ಚಿಪ್ಪು, ಮುಂಬೈಯ ಹಳೆ ಆಮೆ

ಕಳೆದ ಬೇಸಿಗೆಯಲ್ಲಿ ಶಿರಸಿ ಹತ್ತಿರದ ನಮ್ಮೂರ ಕೆರೆಯ ಹೂಳು ತೆಗೆದರು. ದಂಡೆ ಮೇಲೆ ರಾಶಿ ಹಾಕಿದ ಕೆಸರು ಒಣಗಿದಾಗ ಅದರಲ್ಲಿ ಬಿಳಿ ಬಿಳಿ ಚೂರು ಕಂಡವು. ಒಡೆದ ಪಿಂಗಾಣಿ ಅಂದುಕೊಂಡು ಬಗ್ಗಿ ನೋಡಿದರೆ ಆಮೆ ಚಿಪ್ಪಿನ ಮೂಳೆ. ಎರಡು ಜಾತಿಯದು, ಒಂದರೊಳಗೊಂದು ಕಲೆಸಿಹೋಗಿತ್ತು. ಎರಡು ಮಧ್ಯಾಹ್ನ ಅಲ್ಲೇ ಕೂತು ಗೋಣಿಚೀಲದ ಮೇಲೆ ಹರವಿ ಬೇರ್ಪಡಿಸಿದೆ. ತೋಟದಿಂದ ಬಂದ ಅಪ್ಪಯ್ಯ "ಎಂತ ಮಾಡ್ತಾ ಇದ್ದೆ ತಮಾ, ಈ ಬಿಸ್ಲಲ್ಲಿ?" ಅಂತ ಕೇಳಿ, ಆಮೇಲೆ ತಾವೂ ಕೂತರು.

ನನಗೆ ಪಳೆಯುಳಿಕೆ ಆಮೆಗಳ ಹುಚ್ಚು. ಆದರೆ ನಮ್ಮ ಕಡೆಯ ಕಲ್ಲಲ್ಲಿ ಅವು ಸಿಗುವ ಮಾತೇ ಇಲ್ಲ. ಶಿರಸಿ ಸುತ್ತಲಿನ ಹಳೆಯ ಬಂಡೆಗಳಿಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು, ಚಿಪ್ಪಿರುವ ಆಮೆ ಭೂಮಿ ಮೇಲೆ ಕಾಣಿಸಿಕೊಂಡಿದ್ದು ಸುಮಾರು 22 ಕೋಟಿ ವರ್ಷದ ಹಿಂದೆ. ಹಾಗಾಗಿ ಕೆರೆಯ ಸತ್ತ ಆಮೆಯೇ ನನ್ನ ಪಾಠ. ಪಳೆಯುಳಿಕೆ ಗುರುತಿಸುವವರೂ ಇದನ್ನೇ ಮಾಡುತ್ತಾರೆ, ಈಗಿನ ಆಮೆಯ ಮೂಳೆಯನ್ನು ಪಕ್ಕದಲ್ಲಿಟ್ಟುಕೊಂಡು ಹಳೆಯದನ್ನು ಓದುತ್ತಾರೆ.

ಮೊದಲು ಕಲಿಯಬೇಕಾದದ್ದು ಎರಡು ಥರದ ಗೆರೆ. ಚಿಪ್ಪು ಅಂದರೆ ಒಂದೇ ತುಂಡಲ್ಲ, ಹತ್ತಾರು ಮೂಳೆ ಕೂಡಿದ್ದು. ಬೆನ್ನ ನಡುವೆ ಸಾಲಾಗಿ ನ್ಯೂರಲ್, ಅದರ ಎರಡೂ ಬದಿಗೆ ಪಕ್ಕೆಲುಬು ಅಗಲವಾಗಿ ಆದ ಕಾಸ್ಟಲ್, ಸಾಮಾನ್ಯವಾಗಿ 8 ಜೋಡಿ, ಅಂಚಿಗೆ ಪೆರಿಫೆರಲ್, ಸಾಮಾನ್ಯವಾಗಿ 11 ಜೋಡಿ. ಮೂಳೆಗೆ ಮೂಳೆ ಸೇರುವ ಸಂದು ಗರಗಸದ ಹಲ್ಲಿನ ಹಾಗೆ ಅಂಕುಡೊಂಕು. ಇದರ ಮೇಲೆ ಉಗುರಿನಂಥ ವಸ್ತುವಿನ ಹೊದಿಕೆ, ಅದರ ಒಂದೊಂದು ಹಾಳೆಗೆ ಸ್ಕ್ಯೂಟ್ ಅಂತಾರೆ. ಅದು ಕೊಳೆತು ಉದುರಿಹೋಗುತ್ತದೆ, ಕಲ್ಲಾಗುವುದು ತೀರಾ ಅಪರೂಪ. ಆದರೆ ಎರಡು ಸ್ಕ್ಯೂಟ್ ಕೂಡುವ ಜಾಗದಲ್ಲಿ ಮೂಳೆ ಮೇಲೆ ನುಣುಪಾದ ತೋಡು ಬಿದ್ದಿರುತ್ತದೆ, ಅದು ಉಳಿಯುತ್ತದೆ. ಚಿರೆಕಲ್ಲಿನ ಗೋಡೆ ಕಟ್ಟುವವರು ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಸಂದು ಬರದ ಹಾಗೆ ಕಲ್ಲು ಕೂರಿಸುತ್ತಾರೆ, ಅಲ್ವಾ? ಆಮೆ ಚಿಪ್ಪೂ ಹೆಚ್ಚುಕಡಿಮೆ ಹಾಗೇ, ಸ್ಕ್ಯೂಟಿನ ತೋಡು ಮೂಳೆಯ ಸಂದನ್ನು ಬಿಟ್ಟು ಬೇರೆ ಕಡೆ ಹಾಯುತ್ತದೆ. ನಾನು ಶುರುವಿನಲ್ಲಿ ತೋಡನ್ನೇ ಸಂದು ಅಂತ ಎಣಿಸಿ ಒಂದು ತುಂಡನ್ನು ಎರಡು ಮೂಳೆ ಮಾಡಿ ಬರೆದುಕೊಂಡಿದ್ದೆ. ಒಳಮೈ ತಿರುಗಿಸಿ ನೋಡಿದಾಗ ಗೊತ್ತಾಯಿತು, ಒಳಗೆ ಬರೀ ಸಂದು ಕಾಣುತ್ತದೆ, ತೋಡು ಕಾಣುವುದಿಲ್ಲ. ಅದಕ್ಕೇ ಯಾವ ಚೂರು ಸಿಕ್ಕಿದರೂ ಎರಡೂ ಮೈ ನೋಡಲೇಬೇಕು.

ನೆಲದ ಆಮೆಗಳಲ್ಲಿ ಮಾತ್ರ ಅಂಚಿನ ಸ್ಕ್ಯೂಟಿನ ತೋಡು ಕಾಸ್ಟಲ್ ಮತ್ತು ಪೆರಿಫೆರಲ್ ಕೂಡುವ ಸಂದಿನ ಮೇಲೇ ಬಂದು ಕೂರುವುದು ಜಾಸ್ತಿ. ಬೆರಳುದ್ದದ ಅಂಚಿನ ಚೂರೊಂದು ಸಿಕ್ಕಿದರೂ ಇದು ನೀರಿನದೋ ನೆಲದ್ದೋ ಅಂತ ಹೇಳಲು ಇದು ದೊಡ್ಡ ಸಹಾಯ.

ನಮ್ಮ ಕೆರೆಯ ಎರಡು ಜಾತಿ ಬೇರ್ಪಟ್ಟಿದ್ದು ಹೀಗೆ. ಒಂದರ ಚೂರಿನ ಮೇಲೆ ತೋಡುಗಳಿವೆ, ಬೆನ್ನ ಮೇಲೆ ಮೂರು ಏಣು. ಇದು ಕರಿ ಆಮೆ, ಮೆಲನೋಕೆಲಿಸ್ ಟ್ರೈಜುಗ. ಇನ್ನೊಂದರ ಮೇಲೆ ಒಂದೂ ತೋಡಿಲ್ಲ. ಸ್ಕ್ಯೂಟೇ ಇಲ್ಲದ, ಚರ್ಮ ಹೊದ್ದ ಮೆತ್ತನೆ ಚಿಪ್ಪಿನ ಗುಂಪು ಅದು, ಲಿಸ್ಸೆಮಿಸ್ ಪಂಕ್ಟಾಟ. ಮೂಳೆಯ ಹೊರಮೈಗೆ ದಪ್ಪ ರವೆ ಚೆಲ್ಲಿ ಅಂಟಿಸಿದ ಹಾಗೆ ಗುಳ್ಳೆ ಗುಳ್ಳೆ. ಇದೇ ಗುಂಪಿನ ಬೇರೆ ಎಷ್ಟೋ ಜಾತಿಗಳಲ್ಲಿ ಗುಳ್ಳೆ ಬದಲು ಗುಳಿ ಇರುತ್ತದೆ, ಕಾರವಾರದ ಕಡಲ ಮರಳ ಮೇಲೆ ಮೊದಲ ಮಳೆಹನಿ ಬಿದ್ದಾಗ ಆಗುತ್ತದಲ್ಲ, ಹಾಗೆ. ಈ ಗುಳಿಯ ಗುರುತು ಎಷ್ಟು ಗಟ್ಟಿ ಅಂದರೆ, ಕಾಸಿನಗಲದ ಚೂರು ಸಿಕ್ಕಿದರೂ ಮೆತ್ತನೆ ಚಿಪ್ಪಿನ ಕುಟುಂಬ ಅಂತ ಹೇಳಬಹುದು. ಆದರೆ ಅಲ್ಲಿಗೆ ನಿಲ್ಲಬೇಕು. ವಯಸ್ಸಾದಂತೆ ಗುಳಿಯ ಆಕಾರ ಬದಲಾಗುತ್ತದೆ, ಒಂದೇ ಆಮೆಯ ಬೆನ್ನ ನಡುವೆ ಒಂದು ಥರ, ಅಂಚಿಗೆ ಇನ್ನೊಂದು ಥರ. ಬರೀ ಗುಳಿ ನೋಡಿ ಹೊಸ ಜಾತಿಯ ಹೆಸರಿಡುವುದು ನನ್ನ ಪ್ರಕಾರ ತಪ್ಪು, ಹಾಗಿಟ್ಟ ಹೆಸರು ಆಮೇಲೆ ಬಂದವರಿಗೆಲ್ಲ ಹೊರೆ.

ಇಲ್ಲಿಂದ ಕರಾವಳಿ ಹಿಡಿದು ಬಡಗಕ್ಕೆ ಹೋದರೆ ಮುಂಬೈ. ಅಲ್ಲಿ ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಹಳೆಯ ಕೆರೆ ಕೆಸರಲ್ಲಿ ಒಂದು ಆಮೆ ಚಿಪ್ಪು ಸಿಕ್ಕಿತ್ತು. 1852ರಲ್ಲಿ ಕಾರ್ಟರ್ ಅದಕ್ಕೆ ಟೆಸ್ಟುಡೊ ಲೀಥಿಯೈ ಅಂತ ಹೆಸರಿಟ್ಟರು, ಟೆಸ್ಟುಡೊ ಅಂದರೆ ನೆಲದ ಆಮೆಯ ಹೆಸರು. ಆಮೇಲೆ ಗ್ರೇ ಅದನ್ನು ಹೈಡ್ರಾಸ್ಪಿಸ್‌ಗೆ ಸೇರಿಸಿದರು, ದಕ್ಷಿಣ ಅಮೆರಿಕದ ಕೆಲಿಡ್ ಅನ್ನುವ ಗುಂಪಿನ ಆಮೆಗಳ ಜೊತೆ. 1953ರಲ್ಲಿ ವಿಲಿಯಮ್ಸ್ ಇದು ಕೆಲಿಡ್ ಅಲ್ಲ, ಪೆಲೊಮೆಡುಸಿಡ್ ಅನ್ನುವ ಇನ್ನೊಂದು ಗುಂಪಿನ ಕಡೆಯದು ಅಂತ ತೋರಿಸಿ ಕಾರ್ಟೆರೆಮಿಸ್ ಅಂತ ಹೊಸ ಕುಲ ಮಾಡಿದರು. ನೂರು ವರ್ಷದಲ್ಲಿ ಮೂರು ಮನೆ!

ಈ ಎರಡೂ ಗುಂಪು ಕತ್ತನ್ನು ಪಕ್ಕಕ್ಕೆ ಮಡಚುವ ಆಮೆಗಳು. ಈಗ ಭಾರತದಲ್ಲಿ ಇಂಥದ್ದು ಒಂದೂ ಇಲ್ಲ, ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ ಕಡೆ ಇವೆ. ಕತ್ತು ಸಿಗದಿದ್ದರೂ ಚಿಪ್ಪು ಹೇಳುತ್ತದೆ. ಇವುಗಳ ಸೊಂಟದ ಮೂಳೆ ಚಿಪ್ಪಿಗೇ ಬೆಸೆದುಕೊಂಡಿರುವುದರಿಂದ ಹೊಟ್ಟೆಚಿಪ್ಪಿನ ಹಿಂದಿನ ಮೂಳೆ ಕ್ಸಿಫಿಪ್ಲಾಸ್ಟ್ರಾನ್‌ನ ಒಳಮೈಯಲ್ಲಿ ಒರಟು ಗಾಯದಂಥ ಗುರುತು ಇರುತ್ತದೆ. ಪೆಲೊಮೆಡುಸಿಡ್ ಕಡೆಯವಕ್ಕೆ ಹೊಟ್ಟೆಚಿಪ್ಪಿನ ನಡುವೆ ಮೆಸೊಪ್ಲಾಸ್ಟ್ರಾನ್ ಅಂತ ಒಂದು ಜೋಡಿ ಮೂಳೆ ಹೆಚ್ಚಿಗೆ ಇರುತ್ತದೆ, ಕೆಲಿಡ್‌ಗಳಿಗೆ ಅದಿಲ್ಲ.

2003ರಲ್ಲಿ ಅದೇ ಮುಂಬೈಯ ಪದರಗಳಿಂದ ಬಂದ ಒಂದು ಆಮೆ ತಲೆಬುರುಡೆಗೆ ಸಂಕುಕೆಮಿಸ್ ಸೇಥ್ನೈ ಅಂತ ಹೆಸರಾಯಿತು. ಆ ತಲೆ ಕಾರ್ಟರ್ ಹೆಸರಿಟ್ಟ ಚಿಪ್ಪಿನದೇ ಇರಬಹುದಾ? ಇರಬಹುದು ಅಂತ ಯಾರಿಗಾದರೂ ಅನಿಸುತ್ತದೆ, ನನಗೂ ಅನಿಸುತ್ತದೆ. ಆದರೆ ತಲೆ ಮತ್ತು ಚಿಪ್ಪು ಒಂದೇ ಪ್ರಾಣಿಯಲ್ಲಿ ಕೂಡಿ ಸಿಗುವ ತನಕ ಎರಡು ಹೆಸರನ್ನೂ ಬೇರೆ ಬೇರೆ ಇಟ್ಟುಕೊಳ್ಳುವುದೇ ಸರಿ. ತಮಿಳುನಾಡಿನ ಕಲ್ಲಮೇಡುವಿನ ಪಳೆಯುಳಿಕೆ ಆಮೆ ಕೂರ್ಮಡೆಮಿಸ್, 2001ರಲ್ಲಿ ಹೆಸರಾದದ್ದು, ಅದರಲ್ಲಿ ತಲೆಯೂ ಇದೆ, ಚಿಪ್ಪೂ ಇದೆ. ಅಂಥದ್ದು ಮುಂಬೈಗೂ ಸಿಗಲಿ ಅಂತ ನನಗೆ ಬಹಳ ಆಸೆ.

ನಮ್ಮ ಕೆರೆಯ ಚೂರುಗಳನ್ನು ಮನೆಗೆ ತಂದಿಲ್ಲ. ಲಿಸ್ಸೆಮಿಸ್ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಸತ್ತದ್ದಾದರೂ ಇಟ್ಟುಕೊಳ್ಳುವ ಹಾಗಿಲ್ಲ. ಅಳತೆ, ಫೋಟೋ, ಪೆನ್ಸಿಲ್ ಚಿತ್ರ ಮಾಡಿಕೊಂಡು ದಂಡೆಯಲ್ಲೇ ಬಿಟ್ಟೆ. ಕರಿ ಆಮೆಯ ಕ್ಸಿಫಿಪ್ಲಾಸ್ಟ್ರಾನ್ ಒಂದು ಪೂರ್ತಿ ಸಿಕ್ಕಿತ್ತು. ಒಳಮೈ ಮೇಲೆ ಬೆರಳು ಆಡಿಸಿದರೆ ಎಲ್ಲೂ ಗಾಯದ ಗುರುತಿಲ್ಲ, ಸೊಂಟ ಅಂಟಿದ ಜಾಗವೇ ಇಲ್ಲ. ಇದರ ಪಕ್ಕ ಇಟ್ಟು ನೋಡಲು ಪಕ್ಕಕ್ಕೆ ಕತ್ತು ಮಡಚುವ ಆಮೆಯ ಅದೇ ಮೂಳೆಯ ಒಳಮೈ ಫೋಟೋ ಬೇಕಾಗಿದೆ. ಮ್ಯೂಸಿಯಂನಲ್ಲಿ ತೆಗೆದದ್ದು ಯಾರ ಹತ್ತಿರವಾದರೂ ಇದ್ದರೆ ಕಳಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇದ್ದದ್ದಾದರೆ ಇನ್ನೂ ಒಳ್ಳೆಯದು.